ಏನೂ ಬರದವರ ಕಚೇರಿ

ನವೆಂಬರ್ 3, ಸೋಮವಾರ

ಇವತ್ತಿನಿಂದ ನಾನು ಉದ್ಯೋಗ ಸಲಹೆಗಾರ. ಹಲಗೆ ಬರೆಸಿ ಬಾಗಿಲಿಗೆ ತೂಗುಹಾಕಿದ್ದೂ ಆಯಿತು. ಇಪ್ಪತ್ತೊಂಬತ್ತು ವರ್ಷ ಥಾಯ್ ಗಡಿಯ ಈ ನಿರಾಶ್ರಿತರ ಶಿಬಿರದೊಳಗೇ ಇದ್ದು, ಬೇಲಿಯಾಚೆ ಒಂದು ದಿನವೂ ಸಂಬಳಕ್ಕೆ ದುಡಿಯದ ನನ್ನನ್ನೇ ಆರಿಸಿದ್ದಾರೆ. ಆರಿಸಿದವರ ಜಾಣತನವನ್ನು ಮೆಚ್ಚಬೇಕು. ಈಜು ಬಾರದವನೇ ಅಲ್ಲವೆ, ದಡದ ಮೇಲೆ ಭದ್ರವಾಗಿ ನಿಂತು ಸಲಹೆ ಕೊಡಬಲ್ಲವನು!

ಕಾನೂನು ಬದಲಾಗಿದೆ. ಇಷ್ಟು ವರ್ಷ ಬೇಲಿ ದಾಟಿದರೆ ಹಿಡಿಯುತ್ತಿದ್ದವರು ಈಗ ದಯವಿಟ್ಟು ದಾಟಿ ಅನ್ನುತ್ತಿದ್ದಾರೆ. ಥಾಯ್ ತೋಟಗಳಿಗೆ ಆಳು ಬೇಕು, ನಮಗೆ ಅನ್ನ ಬೇಕು. ತಿಂಗಳ ಕೊನೆಗೆ ಅಕ್ಕಿ ಹಂಚುವುದು ನಿಲ್ಲುತ್ತದಂತೆ. ಹಾಗಾಗಿ ಬ್ಯಾಂಕಾಕಿನಿಂದ ಪ್ಲೋಯ್ ಎಂಬ ಚುರುಕು ಹುಡುಗಿ ಬಂದು ನನಗೆ ಮೂರು ದಿನ ತರಬೇತಿ ಕೊಟ್ಟಳು. ಮೊದಲ ದಿನ ಹೇಗೆ ನಗುವುದು, ಎರಡನೇ ದಿನ ಕೈ ಎಷ್ಟು ಎತ್ತರಕ್ಕೆ ಮುಗಿಯುವುದು, ಮೂರನೇ ದಿನ ಫಾರಂ ತುಂಬುವುದು. ಫಾರಮ್ಮಿನ ಏಳನೇ ಕಲಂ: 'ನಿಮಗೆ ಏನೇನು ಬರುತ್ತದೆ?' "ಇದೇ ಫಾರಮ್ಮಿನ ಹೃದಯ" ಅಂದಳು.

ಹತ್ತೊಂಬತ್ತು ಜನ ಬಂದರು. ಹತ್ತೊಂಬತ್ತು ಹೃದಯಗಳಲ್ಲೂ ಒಂದೇ ಬಡಿತ: 'ಏನೂ ಬರಲ್ಲ.'

ಅರ್ಧ ಶಿಬಿರವನ್ನು ಈ ಲೋಕಕ್ಕೆ ಇಳಿಸಿಕೊಂಡ ಸೂಲಗಿತ್ತಿ ಅಜ್ಜಿ ಹೇಳಿದ್ದು: "ನಂಗೇನ್ ಬರುತ್ತೆ ಮಗಾ. ಮಗು ಬರುತ್ತೆ, ನಾನು ಹಿಡ್ಕೋತೀನಿ ಅಷ್ಟೆ." ನೇಯುವ ಹೆಂಗಸು: "ನೂಲು ಅದರ ಪಾಡಿಗೆ ಹೋಗುತ್ತೆ, ನಾನು ಸುಮ್ನೆ ಕೂತಿರ್ತೀನಿ."

ಇದು ಬರ್ಮಾದಿಂದ ಓಡಿಬಂದ ನಮ್ಮ ಕರೆನ್ ಜನದ ಕುಲರೋಗ. 'ಬಲ್ಲೆ ಅಂದವನ ಮನೆ ಕೋಳಿ ಮೊಟ್ಟೆ ಇಡೋದಿಲ್ಲ' ಅಂತ ಅಜ್ಜಿಯರು ಹೇಳಿ ಹೇಳಿ, ಮೊಟ್ಟೆಯ ಆಸೆಗೆ ಇಡೀ ಕುಲವೇ ಅಜ್ಞಾನಿಯ ವೇಷ ಹಾಕಿ ಕೂತಿದೆ. ನಾನೊಬ್ಬ ಹೊರತು. ನನಗೆ ಥಾಯ್ ಬರುತ್ತದೆ, ಇಂಗ್ಲಿಷ್ ವ್ಯಾಕರಣ ಬರುತ್ತದೆ, ಶಿಬಿರದ ಕಾಲೇಜಿನಲ್ಲಿ ಮೊದಲನೆಯವನಾಗಿ ತೇರ್ಗಡೆಯಾಗಿ ಇಲ್ಲಿನ ಶಾಲೆಗೇ ಮೇಷ್ಟ್ರಾದವನು. ನಮ್ಮ ಮನೆಯಲ್ಲಿ ಕೋಳಿ ಸಾಕಿಲ್ಲ.

ನವೆಂಬರ್ 5, ಬುಧವಾರ

ಭಾವ ಬಂದಿದ್ದ. ಕ್ಲೋ ಟೂ, ನನ್ನ ಹೆಂಡತಿ ಸೆರ್‌ಮುವಿನ ಅಣ್ಣ. ಪಕ್ಕದ ಮನೆ, ಮಧ್ಯೆ ಒಂದು ಬಿದಿರಿನ ಬೇಲಿ. ಸತ್ತುಹೋಗಿದ್ದ ಮಾವನ ಜಾಗದಲ್ಲಿ ನಿಂತು ನಮ್ಮ ಮದುವೆ ನಡೆಸಿಕೊಟ್ಟವನು ಇವನೇ ಆದ್ದರಿಂದ ನಾನು ಇವನೆದುರು ದನಿ ಎತ್ತುವಂತಿಲ್ಲ. ಎದುರಿಗೆ ನೀವು, ತಾವು. ದಿನಚರಿಯಲ್ಲಿ ಮಾತ್ರ ಅವನು, ಇವನು. ದಿನಚರಿ ಇಟ್ಟುಕೊಂಡಿರುವುದೇ ಅದಕ್ಕೆ.

ಪೂರ್ವದ ಚಾಂತಬುರಿಯಲ್ಲಿ, ಲಿಚಿಯಂತಿರುವ ಲಮ್ಯೈ ಹಣ್ಣಿನ ಒಂದು ತೋಟವಿದೆ. ಒಡತಿ ಜೇ ಕಿಮ್ ಇಪ್ಪತ್ತೈದಕ್ಕೆ ಬಂದು ಆಳು ಆರಿಸುತ್ತಾಳೆ. ಏಣಿ ಹತ್ತಿ ಹಣ್ಣು ಕೀಳಲು ಇಪ್ಪತ್ತು ಜನ. ಪಂಪು, ಎಂಜಿನ್ನು ನೋಡಿಕೊಳ್ಳಲು ಒಬ್ಬ. ಆ ಒಬ್ಬನಿಗೆ ಮಾತ್ರ ವರ್ಷಪೂರ್ತಿ ಕೆಲಸ, ಸಂಸಾರಕ್ಕೆ ಮನೆ. ಭಾವನ ಎಡಗಾಲು ಕುಂಟು. ಏಣಿ ಅವನ ಪಾಲಿಗೆ ಇಲ್ಲ. ಹೆಂಡತಿ ಲಾ ಪೋ ನಾಲ್ಕನೆಯದಕ್ಕೆ ತುಂಬಿದ ಬಸುರಿ. ಅಂದಮೇಲೆ ಭೂಮಿಯ ಮೇಲೆ ಭಾವನಿಗೆ ಅಂತ ಇರುವುದು ಒಂದೇ ಕೆಲಸ, ಅದು ಆ ಪಂಪಿನದು. ಶಿಬಿರದಲ್ಲಿ ಯಾವ ಎಂಜಿನ್ ಕೆಮ್ಮಿದರೂ ಜನ ಮೊದಲು ಕೂಗುವುದು ಇವನನ್ನು. ನೇರ ಗುರಿ ಅಂದುಕೊಂಡೆ.

"ಭಾವ, ಏಳನೇ ಕಲಂ. ನಿಮಗೆ ಎಂಜಿನ್ ಕೆಲಸ ಬರುತ್ತಲ್ಲ?"

"ಏ, ಬಿಡಿ ಮೇಷ್ಟ್ರೇ. ನಂಗೇನ್ ಬರುತ್ತೆ."

"ಆಸ್ಪತ್ರೆ ಜನರೇಟರ್ ಸರಿಮಾಡಿದ್ದು ಯಾರು?"

"ಅದೇ ಸರಿಹೋಯ್ತು. ನಾನು ಪಕ್ಕದಲ್ಲಿ ನಿಂತಿದ್ದೆ."

"ಅಕ್ಕಿ ಗಿರಣಿ?"

"ಅದಕ್ಕೇನೋ ಬೇಜಾರಾಗಿತ್ತು. ಸ್ವಲ್ಪ ಎಣ್ಣೆ ತೋರಿಸ್ದೆ."

"ಹಳೇ ಮೋಟರ್ ಸೈಕಲ್ ಎಂಜಿನ್ ಇಟ್ಟು ತೊರೆ ನೀರನ್ನ ಗುಡ್ಡದ ಮೇಲಕ್ಕೆ ಹತ್ತಿಸಿದ್ದು?"

ಭಾವ ಅಡಿಕೆ ಅಗಿಯುತ್ತ ಯೋಚಿಸಿದ. "ನೀರಿಗೇ ಹತ್ತೋ ಮನಸ್ಸಿತ್ತು ಅನ್ಸುತ್ತೆ."

ಇಂಥ ಹಟಮಾರಿ ಎಮ್ಮೆಯನ್ನು ನಾನು ಕಂಡಿಲ್ಲ. ನಾನೇ ಬರೆದುಬಿಡೋಣವೆಂದರೆ, ಇಪ್ಪತ್ತೈದರಂದು ಅವನೇ ಒಡತಿಯ ಎದುರು ಕೂತು ಬಾಯಿಬಿಡಬೇಕು. ಬರೆದದ್ದು 'ಬರುತ್ತೆ', ಬಾಯಲ್ಲಿ 'ಬರಲ್ಲ' ಅಂತಾದರೆ ಸುಳ್ಳು ಅರ್ಜಿ ಅಂತ ಹರಿದು ಎಸೆಯುತ್ತಾರೆ.

ನವೆಂಬರ್ 8, ಶನಿವಾರ

ರೋಗಕ್ಕೆ ಮದ್ದು ಕಂಡುಹಿಡಿದೆ: ಬಡಾಯಿ ತರಗತಿ. ಚರ್ಚಿನ ಹಿಂದಿನ ಚಪ್ಪರದಲ್ಲಿ ಮೂವತ್ತು ಜನರನ್ನು ಕೂರಿಸಿ, ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು ಅಂದೆ.

ಮೊದಲನೆಯವಳು ಎದ್ದಳು, ನಕ್ಕಳು, ಕೂತಳು. ಎರಡನೆಯವನು ಎದ್ದು, "ನಮ್ಮ ಪಕ್ಕದ ಮನೆಯವರ ಹಂದಿ ಚೆನ್ನಾಗಿದೆ" ಅಂದ. ಹಂದಿಯ ವಿಷಯ ಅಲ್ಲ, ನಿನ್ನ ವಿಷಯ ಅಂದದ್ದಕ್ಕೆ, "ಹಂದೀನ ದಿನಾ ನೋಡೋನು ನಾನೇ" ಅಂದ. ಮೂರನೆಯವನು ಎದ್ದವನು ಹಾಗೇ ನಡೆದು ಮನೆಗೆ ಹೋದ.

ಮಾದರಿಗಾಗಿ ನಾನೇ ಎದೆ ಸೆಟೆಸಿ ನಿಂತು, "ನಾನು ಥಾ ಬ್ಲೇ! ಬಹಳ ಬುದ್ಧಿವಂತ! ಚೆನ್ನಾಗಿ ಪಾಠ ಹೇಳುತ್ತೇನೆ! ನನ್ನ ಕೈಬರಹ ಮುತ್ತಿನಂತಿದೆ!" ಅಂದೆ. ಸೂಲಗಿತ್ತಿ ಅಜ್ಜಿ ಮೆಲ್ಲಗೆ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಸಂಜೆಯ ಹೊತ್ತಿಗೆ ಮೂರು ಮನೆಗಳಿಂದ ಜ್ವರಕ್ಕೆ ಕಷಾಯ ಬಂತು. ಸೆರ್‌ಮು ಮೂರನ್ನೂ ಕುಡಿಸಿದಳು.

ನವೆಂಬರ್ 10, ಸೋಮವಾರ

ತರಗತಿಯಿಂದ ಒಬ್ಬನಿಗೆ ಮಾತ್ರ ಪ್ರಯೋಜನ ಆಗಿದೆ. ದೆ ಗೇ ಎಂಬ ಮಹಾಶಯ ಬೆಳಗ್ಗೆಯೇ ಬಂದು, "ಮೇಷ್ಟ್ರೇ, ಬರೀರಿ. ನಂಗೆ ಗಾಡಿ ಓಡಿಸೋಕೆ ಬರುತ್ತೆ, ತುಂಬ ಚೆನ್ನಾಗಿ ಬರುತ್ತೆ" ಅಂದ. ಕಣ್ಣಲ್ಲಿ ನೀರು ಬಂತು ನನಗೆ. ಪ್ಲೋಯ್ ಬಂದ ಪಿಕಪ್ ಗಾಡಿಯ ಕೀಲಿಯನ್ನೇ ಪರೀಕ್ಷೆಗೆಂದು ಕೊಡಿಸಿದೆ. ದೆ ಗೇ ಹತ್ತಿದ, ಕೈಮುಗಿದ, ಒಂದೇ ಏಟಿಗೆ ಹಿಂದಕ್ಕೆ ಓಡಿಸಿ ಗಾಡಿಯನ್ನು ಚರ್ಚಿನ ಮೀನುಕೊಳಕ್ಕೆ ಇಳಿಸಿದ.

"ಓಡಿಸೋಕೆ ಬರುತ್ತೆ ಅಂದ್ಯಲ್ಲೋ!"

"ಓಡ್ತಲ್ಲ ಮೇಷ್ಟ್ರೇ! ನಿಲ್ಸೋಕೆ ಬರುತ್ತೆ ಅಂತ ನಾನು ಎಲ್ಲಿ ಅಂದೆ?"

ಬರುವವರು ಬರಲ್ಲ ಅನ್ನುತ್ತಾರೆ, ಬಾರದವರು ಬರುತ್ತೆ ಅನ್ನುತ್ತಾರೆ. ನನ್ನ ಶಿಕ್ಷಣಕ್ರಮ ಎಲ್ಲೋ ಬುಡಮೇಲಾಗಿದೆ. ಕೊಳದಿಂದ ಎತ್ತಿದ ಪಿಕಪ್ಪನ್ನು ಭಾವ ಮಧ್ಯಾಹ್ನದೊಳಗೆ ಗುಡುಗುಡು ಅನ್ನಿಸಿದ. ಪ್ಲೋಯ್ ಥಾಯ್ ಭಾಷೆಯಲ್ಲಿ "ನೀವು ಮೆಕ್ಯಾನಿಕ್ಕಾ?" ಅಂತ ಕೇಳಿದಳು. ನಾನು ಅನುವಾದಿಸಿದೆ. ಭಾವ ಬಾನೆಟ್ಟಿನಿಂದ ಒಂದು ಮೀನು ಹೊರತೆಗೆದು, "ಇಲ್ಲಪ್ಪ. ಒಣಗಿತು, ಸ್ಟಾರ್ಟ್ ಆಯ್ತು" ಅಂದ.

ಆ ಮೀನನ್ನು ನಮ್ಮ ಮನೆಗೇ ಕೊಟ್ಟು ಹೋದ. ಅದೊಂದು ಬೇರೆ.

ನವೆಂಬರ್ 13, ಗುರುವಾರ

ಭಾವನಿಗೆ ಖಾಸಗಿ ಪಾಠ. ಮೂರು ದಿನದಿಂದ ಒಂದೇ ಪದ: 'ಬರುತ್ತೆ.'

"ಹೇಳಿ ಭಾವ. ಬ."

"ಬ."

"ಬರು."

"ಬರು."

"ಬರುತ್ತೆ."

"ಬರು... ಬರ್ತೀನಿ ಮೇಷ್ಟ್ರೇ, ಹಸುಗೂಸು ಅಳ್ತಿದೆ."

"ನಿಮ್ಮ ಮನೇಲಿ ಹಸುಗೂಸು ಇನ್ನೂ ಹುಟ್ಟೇ ಇಲ್ಲ!"

"ಹುಟ್ಟಿದ ಮೇಲೆ ಅಳುತ್ತಲ್ಲ" ಅಂತ ಹೇಳಿ ಎದ್ದು ಹೋದ.

ಇವನಿಗಾಗಿ ನಾನು ಊಟ ಬಿಟ್ಟು ತಲೆ ಕೆಡಿಸಿಕೊಳ್ಳುತ್ತಿಲ್ಲ. ಶಿಬಿರದ ಉದ್ಯೋಗ ಸಲಹೆಗಾರನ ಮರ್ಯಾದೆಯ ಪ್ರಶ್ನೆ, ಅಷ್ಟೆ.

ನವೆಂಬರ್ 15, ಶನಿವಾರ

ಬೆಳಗ್ಗೆ ಬೇಲಿಯಾಚೆ ಗುಡುಗು. ಲಾ ಪೋ ಅಕ್ಕ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಮುರಿದ ಬಾಗಿಲನ್ನು ಎರಡು ತಿಂಗಳಿಂದ ಕೂರಿಸಿಲ್ಲವಂತೆ.

"ಊರವರ ಎಂಜಿನ್ನಿಗೆಲ್ಲ ಗಂಡ, ನನ್ನ ಬಾಗಿಲಿಗೆ ಮಾತ್ರ ಪರದೇಶಿ! ಸತ್ತ ಜನರೇಟರ್ ಎಬ್ಬಿಸ್ತೀಯಲ್ಲ, ಕೂತ ಜಾಗದಿಂದ ನಿನ್ನ ಎಬ್ಬಿಸೋಕೆ ಯಾರನ್ನ ಕರೀಲಿ? ದೂರದಿಂದ ಶಬ್ದ ಕೇಳೇ ಯಾವ ಬೋಲ್ಟು ಸಡಿಲ ಅಂತ ಹೇಳ್ತೀಯ, ಹೆಂಡ್ತಿ ಮೂರು ಸಲ ಕೂಗಿದ್ರೆ ಕಿವುಡು! ಹಾಲಿನ ಡಬ್ಬ ಕತ್ತರಿಸಿ ಕಾರ್ಬುರೇಟರ್ ಮಾಡ್ತೀಯ, ನನ್ನ ಬಕೆಟ್ಟಿಗೆ ಒಂದು ಹಿಡಿ ಹಾಕೋಕೆ ಕೈ ಬರಲ್ಲ!"

ಗಂಜಿ ಬಟ್ಟಲು ಕೈಯಲ್ಲಿ ಹಾಗೇ ನಿಂತಿತು. ಇದು ಬೈಗುಳವಲ್ಲ, ಇದು ಏಳನೇ ಕಲಂ!

ಫಾರಂ ತಂದು ಬೇಲಿಗೆ ಒರಗಿ ಕೂತು ಗೀಚತೊಡಗಿದೆ. ಜನರೇಟರ್ ದುರಸ್ತಿ. ಶಬ್ದದಿಂದಲೇ ದೋಷ ಪತ್ತೆ. ಬಿಡಿಭಾಗಗಳನ್ನು ಸ್ವತಃ ತಯಾರಿಸುವ ಸಾಮರ್ಥ್ಯ. ನಡುವೆ ಅಕ್ಕ ಉಸಿರು ತೆಗೆದುಕೊಳ್ಳಲು ನಿಂತಾಗ ತಡೆಯಲಾರದೆ ಬೇಲಿಯ ಮೇಲೆ ತಲೆಯೆತ್ತಿ, "ಅಕ್ಕಾ, ಡೀಸೆಲ್ಲೋ ಪೆಟ್ರೋಲೋ?" ಅಂದೆ.

"ಎರಡೂ! ಎರಡೂ ಕುಡಿದು ಸಾಯ್ಲಿ ಇವ್ನು!"

'ಎರಡೂ' ಅಂತ ಬರೆದುಕೊಂಡೆ.

ತನ್ನನ್ನು ಹೊಗಳಿಕೊಳ್ಳುವುದು ನಮ್ಮಲ್ಲಿ ಪಾಪ, ತನ್ನವರನ್ನು ಹೊಗಳುವುದು ಇನ್ನೂ ದೊಡ್ಡ ಪಾಪ. ಆದರೆ ತನ್ನವರನ್ನು ಬೈಯಲು ಯಾವ ತಡೆಯೂ ಇಲ್ಲ. ಇಷ್ಟು ದಿನ ನಾನು ಕೇಳಬಾರದವರನ್ನು ಕೇಳುತ್ತಿದ್ದೆ.

ನವೆಂಬರ್ 18, ಮಂಗಳವಾರ

ಹೊಸ ನಿಯಮ: ಪ್ರತಿ ಅರ್ಜಿದಾರ ತನ್ನನ್ನು ಬೈಯುವ ಒಬ್ಬರನ್ನು ಕರೆತರಬೇಕು. ಲೋಕದಲ್ಲೆಲ್ಲ ಬಯೋಡೇಟಾ, ನಮ್ಮಲ್ಲಿ ಬೈಯೋ ಡೇಟಾ. ಕಚೇರಿ ಮುಂದೆ ಸಾಲು ಮೀನುಕೊಳದವರೆಗೂ ಹೋಗಿತ್ತು. ಅತ್ತೆಯರಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದೆ. ಚರ್ಚಿನ ಪಾದ್ರಿಯವರ ಅತ್ತೆ ಸ್ವಂತ ಅಳಿಯನನ್ನು ಮುಗಿಸಿ, ಬಾಯಿ ಬಾರದವರ ಪರವಾಗಿಯೂ ಬೈದುಕೊಟ್ಟಳು, ತಲೆಗೊಂದು ವೀಳ್ಯದೆಲೆಗೆ.

ಸೂಲಗಿತ್ತಿ ಅಜ್ಜಿಯನ್ನು ಮಗಳು ಬೈದಳು: "ನನ್ನ ಮದುವೆ ದಿನ ಊಟದ ಮಧ್ಯೆ ಎದ್ದು ಹೋದ್ಯಲ್ಲಮ್ಮ, ಯಾರದೋ ಅವಳಿ ಅಡ್ಡ ತಿರುಗಿದ್ವು ಅಂತ! ಆ ಎರಡೂ ಈಗ ನಮ್ಮನೆ ಮಾವಿನಕಾಯಿ ಕದೀತಾವೆ!" ಕಲಂ ಏಳು: ಕಷ್ಟದ ಹೆರಿಗೆ, ಅವಳಿ, ತಾಯಿ ಮಕ್ಕಳು ಕ್ಷೇಮ, ಸಾಕ್ಷಿ, ಮಾವಿನಕಾಯಿ.

ಒಂದೇ ಒಂದು ಅಪಘಾತ. ಹೊಸದಾಗಿ ಮದುವೆಯಾದ ಒಬ್ಬಳು ಬಂದು, "ನಮ್ಮ ಯಜಮಾನ್ರು ತುಂಬ ಒಳ್ಳೆಯವ್ರು" ಅಂದುಬಿಟ್ಟಳು. ಹುಡುಗ ಮುಖ ಮುಚ್ಚಿಕೊಂಡ. ಕಲಂ ಏಳು ಖಾಲಿ. "ಇನ್ನೆರಡು ವರ್ಷ ಬಿಟ್ಟು ಬಾರಮ್ಮ" ಅಂತ ಕಳಿಸಿದೆ.

ನವೆಂಬರ್ 19, ಬುಧವಾರ

ಸಾಲಿನ ಕೊನೆಯಲ್ಲಿ ಡೋ ವಾ ಒಬ್ಬನೇ ನಿಂತಿದ್ದ. ಐವತ್ತರ ಬ್ರಹ್ಮಚಾರಿ, ಹಿಂದೆಮುಂದೆ ಯಾರೂ ಇಲ್ಲ.

"ಬೈಯೋರು ಎಲ್ಲಿ?"

"ನಂಗೆ ಬೈಯೋರು ಯಾರೂ ಇಲ್ಲ ಮೇಷ್ಟ್ರೇ" ಅಂದ, ಟೋಪಿ ಕೈಯಲ್ಲಿ ತಿರುಗಿಸುತ್ತ.

ಪಾದ್ರಿಯ ಅತ್ತೆಗೂ ಬಾಯಿ ಕಟ್ಟಿತು. ಆಗ ನನಗೆ ಊಟ ತಂದಿದ್ದ ಸೆರ್‌ಮು ಬುತ್ತಿ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು.

"ನೀನೇನು ದೊಡ್ಡ ಸಾಚಾನಾ? ಯಾವ ಮದುವೆ ಆದ್ರೂ ಇನ್ನೂರು ಜನಕ್ಕೆ ಅಡುಗೆ ಮಾಡ್ತೀಯ, ಒಂದು ಅಗುಳು ತಳ ಹಿಡಿಯಲ್ಲ, ಒಬ್ಬರಿಗೂ ಸಾರು ಸಾಲದೆ ಬರಲ್ಲ. ಕೊನೇಗೆ ನೀನು ಮಾತ್ರ ಉಣ್ಣದೆ ಹಿಂಬಾಗಿಲಿಂದ ಹೋಗ್ತೀಯ. ಯಾಕೆ, ನಮ್ಮ ಜೊತೆ ಕೂತು ಉಂಡ್ರೆ ನಿನ್ನ ಗಂಟು ಕರಗುತ್ತಾ? ಸೊಕ್ಕು!"

ಡೋ ವಾ ತಲೆ ತಗ್ಗಿಸಿ ಕೇಳಿದ. ನಾನು 'ಇನ್ನೂರು ಜನರ ಅಡುಗೆ' ಅಂತ ಬರೆದೆ. ಅವನು ಹೋಗಲಿಲ್ಲ.

"ಇನ್ನೊಂದು ಸಲ ಬೈತೀಯಾ ತಂಗಿ?" ಅಂದ.

ಆ ಹೊತ್ತಿಗೆ ನನ್ನ ಪೆನ್ನಿನ ಶಾಯಿ ಮುಗಿದಿದ್ದರಿಂದ ಮುಖ ಆಕಡೆ ತಿರುಗಿಸಿ ಸ್ವಲ್ಪ ಹೊತ್ತು ಹುಡುಕಬೇಕಾಯಿತು.

ನವೆಂಬರ್ 22, ಶನಿವಾರ

ಕೆಲಸ ಕೆಟ್ಟಿತು. ಪ್ಲೋಯ್ ಬಂದು ಫಾರಮ್ಮುಗಳನ್ನು ಓದಿ, ಮೂರು ಸಲ ನಕ್ಕು, ಸಂದರ್ಶನದ ನಿಯಮ ತಿಳಿಸಿದಳು. ಒಳಗೆ ಅರ್ಜಿದಾರ ಒಬ್ಬನೇ ಹೋಗಬೇಕು. ಹೆಂಡತಿ, ಅತ್ತೆ, ಯಾರೂ ಕೂಡದು. ದುಭಾಷಿಯಾಗಿ ನಾನೊಬ್ಬ ಇರಬಹುದು. ಅದಕ್ಕೂ ಒಂದು ಕಾಗದ: ಕೋಣೆಯಲ್ಲಿ ಆಡಿದ ಪ್ರತಿ ಮಾತನ್ನೂ ಅನುವಾದಿಸತಕ್ಕದ್ದು, ಸೇರಿಸಕೂಡದು, ಬಿಡಕೂಡದು. ಮೂರು ಕಡೆ ರುಜು ಹಾಕಿಸಿಕೊಂಡಳು.

ಉಳಿದವರ ಚಿಂತೆಯಿಲ್ಲ. ಹಣ್ಣು ಕೀಳುವವರನ್ನು ಕೈಕಾಲು ನೋಡಿ ಆರಿಸುತ್ತಾರೆ, ಬಾಯಿ ಕೇಳಿ ಅಲ್ಲ. ಎಂಜಿನ್ನಿನವನಿಗೆ ಮಾತ್ರ ಬಾಯಿ ಬೇಕು. ಭಾವ 'ಏನೂ ಬರಲ್ಲ' ಅಂತಾನೆ. ನಾನು ಅದನ್ನೇ ಚಾಚೂ ತಪ್ಪದೆ ಥಾಯ್ ಭಾಷೆಯಲ್ಲಿ ಹೇಳಬೇಕು. ನನ್ನ ಕೈಯಾರೆ, ನನ್ನ ಬಾಯಾರೆ.

ಬೇಲಿಯಾಚೆ ಅವನು ಇವತ್ತು ಬಾಗಿಲು ಕೂರಿಸುತ್ತಿದ್ದ. ಕೆಲಸ ಸಿಗದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಸುತ್ತಿಗೆ ನಿಲ್ಲಿಸಿ, "ಲಾ ಪೋ, ಮಕ್ಕಳು ಉಂಡ ಮೇಲೆ ಉಂಡರೆ ಆಯ್ತು. ಉಳಿದ್ರೆ" ಅಂದ. ಮತ್ತೆ ಸುತ್ತಿಗೆ ಹಿಡಿದ.

ನವೆಂಬರ್ 24, ಸೋಮವಾರ

ನಾಳೆ. ಬರೆಯಲು ಏನೂ ಇಲ್ಲ. ಸೆರ್‌ಮು ಎರಡು ಸಲ ಉಪ್ಪು ಹಾಕಿದ ಸಾರನ್ನು ಇಬ್ಬರೂ ಕೊನೆಯ ತೊಟ್ಟಿನವರೆಗೆ ಉಂಡೆವು.

ನವೆಂಬರ್ 25, ಮಂಗಳವಾರ

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಜೇ ಕಿಮ್ ಅರವತ್ತರ ಗಟ್ಟಿ ಹೆಂಗಸು, ಕೈಯಲ್ಲಿ ಪುಟ್ಟ ಬ್ಯಾಟರಿ ಫ್ಯಾನು, ಕಾಲಲ್ಲಿ ರಬ್ಬರ್ ಬೂಟು. ಹನ್ನೊಂದು ಗಂಟೆಗೆ ಹಣ್ಣು ಕೀಳುವ ಇಪ್ಪತ್ತು ಜನ ಆರಿಸಿ ಆಗಿತ್ತು. ಭಾವ ಒಳಗೆ ಬಂದ. ಚರ್ಚಿಗೆ ಹಾಕುವ ಅಂಗಿ, ಬಾಚಿದ ತಲೆ. ಕುರ್ಚಿಯ ಅಂಚಿನಲ್ಲಿ ಕೂತ.

"ನನ್ನ ಪಂಪು ಹಳೇದು, ಹೊತ್ತಲ್ಲದ ಹೊತ್ತಲ್ಲಿ ಕೈ ಕೊಡುತ್ತೆ. ನೋಡ್ಕೊಳ್ಳೋಕೆ ಬರುತ್ತಾ ಕೇಳಿ" ಅಂದಳು. ಕೇಳಿದೆ.

ಭಾವ 'ಬ' ಅಂತ ಶುರುಮಾಡಿದ. ಪಾಪ, ಪ್ರಯತ್ನಪಟ್ಟ. ಕತ್ತಿನ ನರ ಉಬ್ಬಿತು. ಕೊನೆಗೆ ನೆಲ ನೋಡುತ್ತ, "ನಂಗೇನೂ ಬರಲ್ಲ" ಅಂದ.

ಅನುವಾದಿಸಿದೆ. ಜೇ ಕಿಮ್ ಫ್ಯಾನು ಬಂದ್ ಮಾಡಿ, "ಹಾಗಾದ್ರೆ ನನ್ನ ಹೊತ್ತು ಯಾಕೆ ಹಾಳು ಮಾಡ್ತಾನೆ? ಮುಂದಿನವರು" ಅಂದಳು. ಅದನ್ನೂ ಅನುವಾದಿಸಬೇಕಿತ್ತು. ಬಾಯಿ ತೆರೆದೆ. ಬೇರೆ ಏನೋ ಬಂತು.

"ನಾಚಿಕೆ ಆಗಲ್ವಾ ನಿಂಗೆ!" ಅಂದೆ ಭಾವನಿಗೆ. ನಿಂಗೆ ಅಂದೆ! "ಬಾಯಿಬಿಟ್ರೆ ಸುಳ್ಳು! ಇಡೀ ಶಿಬಿರದ ಎಂಜಿನ್ನುಗಳನ್ನ ಕೆಡಿಸಿಟ್ಟಿದ್ದೀಯ, ನೀನು ಮುಟ್ಟಿದ ಮೇಲೆ ಬೇರೆ ಯಾರ ಕೈಗೂ ಬಗ್ಗಲ್ಲ ಅವು! ಹನ್ನೆರಡು ವರ್ಷದಿಂದ ನಿನ್ನ ದೆಸೆಯಿಂದ ನಮ್ಮ ಮನೇಲಿ ಬಿಸಿ ಅನ್ನ ಉಂಡಿಲ್ಲ, ತುತ್ತು ಎತ್ತೋ ಹೊತ್ತಿಗೆ ಎಲ್ಲೋ ಮೋಟರ್ ನಿಲ್ಲುತ್ತೆ, ನೀನು ಓಡ್ತೀಯ, ಅಣ್ಣ ಉಣ್ಣದೆ ನಾವು ಉಣ್ಣಬಾರದು ಅಂತ ನಿನ್ನ ತಂಗಿ ಪಾತ್ರೆ ಮುಚ್ಚಿಟ್ಟು ಕಾಯ್ತಾಳೆ! ಒಬ್ಬರ ಹತ್ರ ಕೂಲಿ ಕೇಳಿದ್ದುಂಟಾ? ಬಾಲ ಬಿಚ್ಚಿದ ಎಂಜಿನ್ನನ್ನೆಲ್ಲ ಸರಿಮಾಡ್ತೀಯ, ನಾಲಿಗೆ ಒಂದು ಮಾತ್ರ ತುಕ್ಕು! ಆಸ್ಪತ್ರೇಲಿ ಒಂದು ಮಗು ಉಸಿರಿಗೆ ಒದ್ದಾಡ್ತಿದ್ದಾಗ ಮಳೇಲಿ ಕೂತು ಜನರೇಟರಿನ ಪಿಸ್ಟನ್ ಬಿಚ್ಚಿ ಸರಿಮಾಡಿದ್ಯಲ್ಲ, ಅದೂ ತಾನಾಗೇ ಸರಿಹೋಯ್ತಾ, ಎಮ್ಮೆ?"

ಪ್ಲೋಯ್ ಎದ್ದು ನಿಂತಿದ್ದಳು. "ದುಭಾಷಿ ತನ್ನ ಮಾತು ಸೇರಿಸಬಾರದು!"

ಜೇ ಕಿಮ್ ಕೈ ತೋರಿ ಅವಳನ್ನು ಕೂರಿಸಿದಳು. "ಏನು ಬೈದ್ರಿ ಅವ್ನಿಗೆ?"

ಕೋಣೆಯಲ್ಲಿ ಆಡಿದ ಪ್ರತಿ ಮಾತು. ಸೇರಿಸಕೂಡದು, ಬಿಡಕೂಡದು. ಮೂರು ಕಡೆ ರುಜು ಹಾಕಿದ್ದೇನೆ. ಎಮ್ಮೆಯನ್ನೂ ಬಿಡದೆ ಪೂರ್ತಿ ಅನುವಾದಿಸಿದೆ.

ಅನುವಾದ ಮುಗಿಯಿತು. ಭಾವ ತಲೆ ಎತ್ತಿದ. ಮುಖ ಕೆಂಪಗಾಗಿತ್ತು. ದನಿ ಎತ್ತಿದ್ದಕ್ಕೆ ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಅಂದುಕೊಂಡೆ.

"ಪಿಸ್ಟನ್ ಅಲ್ಲ" ಅಂದ.

"ಏನು?"

"ಪಿಸ್ಟನ್ ಅಲ್ಲ ಮೇಷ್ಟ್ರೇ. ವಾಲ್ವು. ಪಿಸ್ಟನ್ ಆಗಿದ್ರೆ ಒಂದು ಮಧ್ಯಾಹ್ನದಲ್ಲಿ ಆಗ್ತಿತ್ತಾ? ಗೊತ್ತಿಲ್ಲದೆ ಮಾತಾಡಬಾರದು. ಅದರ ಸೀಟು ಸವೆದು ಗಾಳಿ ಬಿಡ್ತಿತ್ತು, ಅದಕ್ಕೇ ಆ ಕೆಮ್ಮು. ಪಿಸ್ಟನ್ ಹೋದ್ರೆ ಕೆಮ್ಮಲ್ಲ, ನರಳುತ್ತೆ!"

ಅಷ್ಟಕ್ಕೆ ನಿಲ್ಲಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟ ಮಾತು ಕಟ್ಟೆ ಒಡೆದುಕೊಂಡು ಬಂತು. ಫಾರಂ ಕಿತ್ತುಕೊಂಡು ಹಿಂಬದಿಯಲ್ಲಿ ಚಿತ್ರ ಬಿಡಿಸಿದ. ನನಗೆ ಅರ್ಥವಾಗದ್ದನ್ನು ನನಗೆ ಗೊತ್ತಿಲ್ಲದ ಥಾಯ್ ಪದಗಳಲ್ಲಿ ಅನುವಾದಿಸಿದೆ. ಜೇ ಕಿಮ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದಳು. ತನ್ನ ಪಂಪಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದಳು: ಟುಕ್ ಟುಕ್ ಟುಸ್. ಭಾವ ಕಣ್ಣುಮುಚ್ಚಿ ಕೇಳಿ, "ಇನ್ನೊಂದು ಸಲ" ಅಂದ. ಅರವತ್ತು ವರ್ಷದ ಶ್ರೀಮಂತೆ ಇನ್ನೊಂದು ಸಲ ಟುಸ್ ಅಂದಳು.

"ಅಡಿ ವಾಲ್ವಿನಲ್ಲಿ ಕಸ" ಅಂದ ಭಾವ.

ಕೆಲಸ ಸಿಕ್ಕಿತು, ಒಂದು ತಿಂಗಳ ಪರೀಕ್ಷೆಯ ಮೇಲೆ.

ಹೊರಗೆ ಬಂದಾಗ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಎಮ್ಮೆ ಅನ್ನೋದಕ್ಕೆ ಥಾಯಲ್ಲಿ ಏನಂತಾರೆ?" ಅಂತ ಕೇಳಿದ. ಹೇಳಿದೆ. ತಲೆದೂಗಿದ.

ನವೆಂಬರ್ 28, ಶುಕ್ರವಾರ

ಲಾರಿ ಹೋಯಿತು. ಲಾ ಪೋ ಅಕ್ಕನನ್ನು ಮುಂದೆ ಡ್ರೈವರ್ ಪಕ್ಕ ಕೂರಿಸಿದರು. ಭಾವ ಲಾರಿ ಹೊರಡುವ ಮುಂಚೆ ಇಳಿದು ಎಂಜಿನ್ನಿಗೆ ಕಿವಿ ಕೊಟ್ಟು, ಮತ್ತೆ ಹತ್ತಿದ.

ಪಕ್ಕದ ಮನೆಯಲ್ಲಿ ಯಾರೂ ಇಲ್ಲ. ಮೊನ್ನೆ ಕೂರಿಸಿದ ಬಾಗಿಲು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಅನ್ನ ಬಿಸಿಬಿಸಿ ಉಂಡೆ, ನಾಲಿಗೆ ಸುಟ್ಟಿತು.

ಡಿಸೆಂಬರ್ 9, ಮಂಗಳವಾರ

ಜೇ ಕಿಮ್ ಫೋನ್ ಮಾಡಿದ್ದಳು, ಬುಸುಬುಸು ಅನ್ನುತ್ತ.

"ನಿಮ್ಮ ಮನುಷ್ಯನಿಂದ ನನಗೆ ಎದೆನೋವು ಶುರುವಾಗಿದೆ! ದಿನಾ ಬೆಳಗ್ಗೆ ಕೇಳ್ತೀನಿ, ಇವತ್ತು ಪಂಪ್ ಓಡುತ್ತಾ ಅಂತ. 'ನೋಡೋಣ' ಅಂತಾನೆ. ಎಂಜಿನ್ ಹೇಗಿದೆ ಅಂದ್ರೆ 'ಪರವಾಗಿಲ್ಲ ಅನ್ಸುತ್ತೆ' ಅಂತಾನೆ. ಹೆದರಿ ಪೇಟೆಯಿಂದ ಇನ್ನೊಬ್ಬ ಮೆಕ್ಯಾನಿಕ್ ಕರೆಸಿದೆ. ಅವನು ಬಿಚ್ಚಿ ನೋಡಿ, ಇದನ್ನ ಮಾಡಿದೋರ ಹತ್ರ ನಾನು ಕಲೀಬೇಕು ಅಂತ ಅಲ್ಲೇ ಕೂತಿದ್ದಾನೆ! ಈಗ ನನಗೆ ಇಬ್ಬರಿಗೂ ಊಟ ಹಾಕೋ ಗತಿ!"

"ಅಕ್ಕಾ, ನಮ್ಮಲ್ಲಿ 'ನೋಡೋಣ' ಅಂದ್ರೆ ಖಂಡಿತ ಅಂತ. 'ಪರವಾಗಿಲ್ಲ' ಅಂದ್ರೆ ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಓಡುತ್ತೆ ಅಂತ."

"ಹಾಗಂತ ದಿನಾ ನಿಮಗೆ ಫೋನ್ ಮಾಡಿ ಕೇಳ್ಲಾ? ಹಣ್ಣು ಕೀಳೋ ಇಪ್ಪತ್ತು ಜನರದ್ದೂ ಇದೇ ರಾಗ. ಯಾವ ಮರ ಹಣ್ಣಾಗಿದೆ ಅಂದ್ರೆ 'ನಮಗೇನ್ ಗೊತ್ತು' ಅಂತಾರೆ! ಪರೀಕ್ಷೆ ತಿಂಗಳು ಮುಗಿಯೋದ್ರೊಳಗೆ, ಇಲ್ಲ ಹೌದು ಅನ್ನೋ ಎಂಜಿನ್ನಿನವನನ್ನ ಹುಡುಕಿಕೊಡಿ, ಇಲ್ಲ ಇವರ ಮಾತು ತಿಳಿಸಿಹೇಳೋ ಒಬ್ಬರನ್ನ ಕಳಿಸಿ. ಸಂಬಳ ಕೊಡ್ತೀನಿ. ಅವತ್ತು ಬೈದ್ರಲ್ಲ, ನೀವೇ ಬನ್ನಿ."

ನಾನು ನಯವಾಗಿ ವಿವರಿಸಿದೆ: ಇಲ್ಲಿ ನನಗೆ ಕಚೇರಿ ಇದೆ, ಹಲಗೆ ಇದೆ, ಜವಾಬ್ದಾರಿ ಇದೆ. ಬೇಲಿಯಾಚೆ ಹೋಗುವ ಪ್ರಶ್ನೆಯೇ ಇಲ್ಲ. ಸಲಹೆಗಾರ ಸಲಹೆ ಕೊಡಬೇಕೇ ಹೊರತು ತಾನೇ ಹೊರಟುಬಿಟ್ಟರೆ ಹೇಗೆ?

ಸೆರ್‌ಮು ನನ್ನ ಎರಡು ಒಳ್ಳೆ ಅಂಗಿಗಳನ್ನು ಒಗೆಯಲು ಹಾಕಿದಳು. ಕೊಳೆಯಾಗಿದ್ದವು ಅಂತ ಕಾಣುತ್ತದೆ.

ಡಿಸೆಂಬರ್ 10, ಬುಧವಾರ

ಭಾವನ ಕೆಲಸ ಉಳಿಯಬೇಕಾದರೆ ಯಾರನ್ನಾದರೂ ಕಳಿಸಲೇಬೇಕು. ಥಾಯ್ ಬರಬೇಕು, ಭಾವನ ಸ್ವಭಾವ ಗೊತ್ತಿರಬೇಕು, ಅವನಿಗೆ ಬೈದರೂ ಅವನು ಬೇಸರಿಸಬಾರದು. ಹೆಸರು ಪಟ್ಟಿ ಮಾಡಲು ಕೂತೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಯೋಚಿಸಿದರೂ ಹಾಳೆ ಖಾಲಿ.

ಸಂಜೆ ಗೇಟಿನ ಕಚೇರಿಗೆ ಹೋಗಿ ಪರವಾನಗಿಗೆ ಎಷ್ಟು ದಿನ ಹಿಡಿಯುತ್ತದೆಂದು ವಿಚಾರಿಸಿ ಬಂದೆ. ಸುಮ್ಮನೆ, ಮಾಹಿತಿಗೆ. ಕಾಯುತ್ತ ನಿಂತಿದ್ದಾಗ ಗೇಟಿನಿಂದಾಚೆಯ ರಸ್ತೆ ನೋಡಿದೆ. ಅದು ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗುತ್ತದೆ. ತಿರುವಿನ ಆಚೆ ಏನಿದೆ ಅಂತ ಕಾವಲುಗಾರನನ್ನು ಕೇಳಿದೆ. "ರಸ್ತೆ" ಅಂದ.

ಕಿಟಕಿ ಪಕ್ಕ ಕೂತರೆ ಬಸ್ಸಿನಲ್ಲಿ ವಾಂತಿಯಾಗುವುದಿಲ್ಲ ಅಂತಾರೆ. ಇದೂ ಮಾಹಿತಿಗೆ.

ಡಿಸೆಂಬರ್ 17, ಬುಧವಾರ

ಕಿಟಕಿ ಪಕ್ಕದ ಸೀಟನ್ನು ಸೆರ್‌ಮು ಹಿಡಿದುಬಿಟ್ಟಳು.

ಈಗಷ್ಟೇ ಜೇ ಕಿಮ್ ಸಂದೇಶ ಕಳಿಸಿದ್ದಳು: 'ಎಲ್ಲಿದ್ದೀರಿ? ಇವತ್ತು ಪಂಪಿನ ವಿಷಯ ಕೇಳಿದ್ದಕ್ಕೆ ದೇವರಿಗೇ ಗೊತ್ತು ಅಂದ. ಏನು ಅರ್ಥ?' ಹಳೇ ಕೆಟ್ಟ ಪಂಪೊಂದು ಮೂಲೆಯಲ್ಲಿ ಇತ್ತೇ, ಅಂತ ಕೇಳಿದೆ. ಇತ್ತಂತೆ. ಹೋಗಿ ನೋಡಿ, ಅದೂ ಓಡುತ್ತಿರುತ್ತದೆ ಅಂತ ಬರೆದೆ.

ಇನ್ನೂ ಆರು ಗಂಟೆ ದಾರಿಯಿದೆ. ಸೆರ್‌ಮು ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದಾಳೆ. ನಾನು ಹೊರಗೆ ನೋಡಬೇಕಾದಾಗೆಲ್ಲ ಅವಳ ತಲೆ ಅಡ್ಡ ಬರುತ್ತದೆ. ಈ ಪುಟದಲ್ಲಿ ಅಕ್ಷರಗಳು ನಡುಗುತ್ತಿರುವುದು ರಸ್ತೆ ಸರಿಯಿಲ್ಲದ್ದಕ್ಕೆ. ಈಗ ಒಂದು ಗಂಟೆಯಿಂದ ಬಸ್ಸು ನಿಂತಿರುವುದು ಬೇರೆ ವಿಷಯ.